ಧೈರ್ಯಕ್ಕೆ ಬಿದ್ದ ಓಟು

ಕ್ವೀನ್ಸ್‌ಟೌನ್, ಟಾಸ್ಮೇನಿಯಾ
ಸೆಪ್ಟೆಂಬರ್ 21, ಭಾನುವಾರ

ಪ್ರೀತಿಯ ಟೆಗನ್,

ನಾನು ನಿನಗೆ ಪತ್ರ ಬರೆಯುತ್ತಿರುವುದು ಇದೇ ಮೊದಲು. ಫೋನ್ ಮಾಡಬಹುದಿತ್ತು. ಆದರೆ ಈ ಮನೆಯಲ್ಲಿ ಫೋನಿನಲ್ಲಿ ಮಾತಾಡುತ್ತಿದ್ದವಳು ನಿನ್ನ ಅಮ್ಮ. ನಾನು ಪಕ್ಕದಲ್ಲಿ ಕೂತು "ನಾನೂ ಕೇಳ್ದೆ ಅಂತ ಹೇಳು" ಅನ್ನುತ್ತಿದ್ದೆ, ಅಷ್ಟೆ. ಅವಳು ಹೋದ ಮೇಲೆ ನಾವಿಬ್ಬರು ಆಡಿದ ಮಾತೆಲ್ಲ ಅಲ್ಲಿ ಮಳೆಯೋ ಇಲ್ಲಿ ಮಳೆಯೋ ಎನ್ನುವುದರಲ್ಲೇ ಮುಗಿದಿದೆ. ಬರೆಯುವಾಗ ಎದುರಿಗೆ ಯಾರೂ ಕಾಯುತ್ತಿರುವುದಿಲ್ಲ, ಹಾಗಾಗಿ ನನಗೆ ಇದೇ ಸಲೀಸು. ಕಾಗುಣಿತ ತಪ್ಪಿದ್ದರೆ ನಗಬೇಡ. ನಾನು ಶಾಲೆ ಬಿಟ್ಟು ಗಣಿಗೆ ಹೋದದ್ದು ನಿನಗೆ ಗೊತ್ತು.

ಅಮ್ಮನ ಅಂತ್ಯಕ್ರಿಯೆಯ ಬಗ್ಗೆ ನೀನು ಕೇಳಲಿಲ್ಲ, ನಾನೂ ಹೇಳಲಿಲ್ಲ. ಆ ಶನಿವಾರ ನೀನು ಮೆಲ್ಬರ್ನಿನಲ್ಲಿ ಫುಟ್‌ಬಾಲ್ ಆಡುತ್ತಿದ್ದ ಹೊತ್ತಿಗೆ ಇಲ್ಲಿ ಏನು ನಡೆಯಿತೆಂದು ಯಾರಾದರೂ ನಿನಗೆ ಹೇಳಲೇಬೇಕು.

ಚರ್ಚು ತುಂಬಿತ್ತು. ಗಣಿಯ ಹಳಬರು ಕೋಟಿಲ್ಲದೆ, ಊರ ತಂಡದ ಹಳೇ ಜಾಕೆಟ್ಟುಗಳನ್ನೇ ಹಾಕಿಕೊಂಡು ಬಂದಿದ್ದರು. ನಿನ್ನ ಚಿಕ್ಕಮ್ಮ ರೋಮಾ ಹಿಂದಿನ ದಿನವೇ ಮೊಟ್ಟೆಯ ಸ್ಯಾಂಡ್‌ವಿಚ್ ಮಾಡಿಟ್ಟು, ಅಳು ಬಂದಾಗಲೆಲ್ಲ ಅವುಗಳ ಅಂಚು ಕತ್ತರಿಸುತ್ತ ಕೂತಿದ್ದಳು. ಪೆಟ್ಟಿಗೆ ಎತ್ತುವಾಗ ಬಲಗಡೆಯ ಮುಂದಿನ ಹಿಡಿಕೆಯನ್ನು ನಿನಗೆಂದು ಬಿಟ್ಟಿದ್ದೆ. ಹಿಂದಿನ ಸಂಜೆ ನೀನು ಬರುವುದಿಲ್ಲವೆಂದು ರೋಮಾಗೆ ಹೇಳಿದ್ದೆಯಂತೆ, ಅವಳು ನನಗೆ ಹೇಳಿದ್ದು ಚರ್ಚಿನ ಬಾಗಿಲಲ್ಲಿ. ಆ ಹಿಡಿಕೆಗೆ ಊರ ಕ್ಲಬ್ಬಿನ ನೋಯೆಲ್‌ನನ್ನು ಕರೆದೆವು. ಅವನು ಹೊರಗೆ ಕಾರಿನಲ್ಲಿ ರೇಡಿಯೊ ಹಚ್ಚಿ ನಿನ್ನ ಪಂದ್ಯ ಕೇಳುತ್ತಿದ್ದ. ಓಡಿ ಬಂದು ಹಿಡಿಕೆ ಹಿಡಿದು, ಎರಡು ಹೆಜ್ಜೆ ನಡೆದ ಮೇಲೆ ನನ್ನ ಕಿವಿಯಲ್ಲಿ, "ಡೆಸ್, ಒಂದು ಗೋಲು ಹೊಡೆದ್ಲು ಕಣೋ" ಎಂದ. ನಾನು ಮುಂದಿನ ಹೆಜ್ಜೆ ಇಟ್ಟೆ.

ಮರುದಿನದ ಪತ್ರಿಕೆಯಲ್ಲಿ ನಿನ್ನ ಚಿತ್ರ ಬಂತು. 'ಅಮ್ಮ ಬಯಸಿದ್ದೂ ಇದನ್ನೇ' ಎಂದು ಮೇಲೆ ದೊಡ್ಡ ಅಕ್ಷರ. ನೋಯೆಲ್ ಅದನ್ನು ಕ್ಲಬ್ಬಿನ ಗೋಡೆಗೆ ಅಂಟಿಸಿದ್ದಾನೆ.

ಶಾಲೆಯ ಬಸ್ಸು ಓಡಿಸುತ್ತಿದ್ದೇನೆ. ಊಟ ಮಾಡುತ್ತಿದ್ದೇನೆ.

ನಿನ್ನ ಅಪ್ಪ,
ಡೆಸ್ ಹ್ಯಾಲಮ್


ಮೆಲ್ಬರ್ನ್
ಅಕ್ಟೋಬರ್ 5

ಅಪ್ಪಾ,

ಅಪ್ಪನೊಬ್ಬ ಮಗಳಿಗೆ ಪೂರ್ತಿ ಹೆಸರು ಬರೆದು ಸಹಿ ಹಾಕಿದ್ದನ್ನು ನಾನು ಇದೇ ಮೊದಲು ನೋಡಿದ್ದು.

ಹಿಡಿಕೆಯ ವಿಷಯದವರೆಗೆ ಓದಿ ಪತ್ರ ಮಡಚಿಟ್ಟೆ. ಉಳಿದದ್ದನ್ನು ಓದಿದ್ದು ಮೂರು ದಿನ ಬಿಟ್ಟು.

ಇಲ್ಲಿ ಎಲ್ಲ ಚೆನ್ನಾಗಿದೆ. ಬೆಳಿಗ್ಗೆ ಜನರ ಬಚ್ಚಲುಮನೆಗಳಿಗೆ ಟೈಲ್ಸ್ ಅಂಟಿಸುತ್ತೇನೆ, ಸಂಜೆ ಅಭ್ಯಾಸ. ಹೋದ ವಾರ ಒಂದು ಪಾಯಿಂಟಿನಲ್ಲಿ ಸೋತೆವು. ನಮ್ಮ ಕ್ಯಾಪ್ಟನ್ ಬ್ರಿಡಿ ನನ್ನನ್ನು ಈಗಲೂ 'ಜಲ್ಲಿ' ಎಂದೇ ಕರೆಯುತ್ತಾಳೆ. ಹುಲ್ಲಿಲ್ಲದ, ಬರೀ ಜಲ್ಲಿ ಹಾಸಿದ ಮೈದಾನದಲ್ಲಿ ಆಡಿ ಬೆಳೆದೆ ಎಂದರೆ ಇಲ್ಲಿನವರು ನಂಬುವುದಿಲ್ಲ. ಮೊನ್ನೆ ಹೊಸ ಹುಡುಗಿಯೊಬ್ಬಳು ಮೊಣಕಾಲು ತರಚಿಕೊಂಡು ಕೂತಿದ್ದಳು. ಬ್ರಿಡಿ ಅವಳಿಗೆ, "ಏಯ್, ಎದ್ದೇಳೇ. ಜಲ್ಲಿಯ ಮೊಣಕಾಲಲ್ಲಿ ಇನ್ನೂ ಅವರೂರಿನ ಅರ್ಧ ರಸ್ತೆ ಇದೆ" ಎಂದಳು.

ಪತ್ರಿಕೆಯವನಿಗೆ ಅಮ್ಮನ ಬಗ್ಗೆ ಆ ಮಾತು ಹೇಳಿದ್ದು ನಾನೇ. ಮೈಕು ಮುಂದೆ ಹಿಡಿದ, ಬಾಯಿಗೆ ಬಂದದ್ದು ಅದು. ನೋಯೆಲ್‌ಗೆ ಹೇಳಿ ಅದನ್ನು ಗೋಡೆಯಿಂದ ತೆಗೆಸುತ್ತೀಯಾ?

ನಿನ್ನ
ಟೆಗ್


ಕ್ವೀನ್ಸ್‌ಟೌನ್
ಅಕ್ಟೋಬರ್ 19

ಪ್ರೀತಿಯ ಟೆಗನ್,

ನೋಯೆಲ್‌ಗೆ ಹೇಳಿದೆ. ಅವನು ಲೋಟ ಒರೆಸುವುದನ್ನು ನಿಲ್ಲಿಸದೆ ಹೇಳಿದ್ದು ಇಷ್ಟು: "ಡೆಸ್, ಈ ಗೋಡೆ ತುಂಬ ಸತ್ತೋರ ಫೋಟೋನೇ ಇರೋದು. ಬದುಕಿರೋಳು ಒಬ್ಳಾದ್ರೂ ಇರ್ಲಿ ಬಿಡೋ." ನಾನು ಜಗಳ ಮಾಡಲಿಲ್ಲ. 

ನಿನ್ನ ಪಕ್ಕೆಲುಬು ಮುರಿದ ವಿಷಯ ನನಗೆ ರೋಮಾಳಿಂದ ಗೊತ್ತಾಗಬೇಕಾಯಿತೇ? ಸೋಮವಾರ ಬಸ್ಸು ನಿಲ್ಲಿಸಿ ಇಳಿಯುತ್ತಿದ್ದಂತೆ ಅವಳು ಗೇಟಿನಲ್ಲೇ ಹಿಡಿದಳು.

"ನೋಡಿದ್ಯೇನೋ ಮಾರಾಯ, ನಿನ್ನ ಮಗಳು ಮಾಡಿದ್ದು?"

"ಇಲ್ಲ. ಶೆಡ್ಡಲ್ಲಿ ಕೆಲಸ ಇತ್ತು."

"ನಿನಗೆ ಅವಳ ಪಂದ್ಯ ಇದ್ದಾಗೆಲ್ಲ ಶೆಡ್ಡಲ್ಲಿ ಕೆಲಸ. ಆ ಶೆಡ್ಡಲ್ಲಿ ಏನು, ಹಡಗು ಕಟ್ತಾ ಇದ್ದೀಯಾ?"

ಅವಳ ಬಟ್ಟಲು ವಾಪಸ್ ಕೊಡುವ ನೆಪದಲ್ಲಿ ಸಂಜೆ ಹೋದೆ. ಅವಳೂ ಏನೂ ಕೇಳದೆ ಟಿವಿ ಹಾಕಿದಳು. ನೋಡಿದೆ. ಚೆಂಡು ನಿನ್ನ ತಲೆಯ ಮೇಲೆ ಹಾರಿ ಬರುತ್ತಿದೆ. ನೀನು ಅದನ್ನು ಕೈಯಲ್ಲಿ ಹಿಡಿಯಲೆಂದು, ಅದರಿಂದ ಕಣ್ಣು ಕೀಳದೆ ಹಿಂದಕ್ಕೆ ಓಡುತ್ತಿದ್ದೀ. ನಿನ್ನ ಬೆನ್ನ ಕಡೆಯಿಂದ ಇಬ್ಬರು ಜೋರಾಗಿ ಬರುತ್ತಿದ್ದಾರೆ. ನೀನು ಒಮ್ಮೆಯೂ ತಿರುಗಿ ನೋಡುವುದಿಲ್ಲ. ಚೆಂಡು ಕೈಗೆ ಬಂತು, ಆಮೇಲೆ ಅವರು ಬಂದರು. ನೀನು ನೆಲಕ್ಕೆ ಬಿದ್ದರೂ ಚೆಂಡು ಬಿಡಲಿಲ್ಲ. ರೋಮಾ ಇನ್ನೊಂದು ಸಲ ಹಾಕುತ್ತೇನೆಂದಳು. ಸಾಕು ಎಂದೆ.

ಅಮ್ಮನ ಬಟ್ಟೆಗಳನ್ನು ರೋಮಾ ಕೇಳುತ್ತಿದ್ದಾಳೆ. ಕೊಟ್ಟಿಲ್ಲ. ಬಸ್ಸು ದಿನಕ್ಕೆರಡು ಸಲ ಸ್ಮಶಾನದ ತಿರುವಿನಲ್ಲಿ ಹಾದು ಹೋಗುತ್ತದೆ. ಅಲ್ಲಿ ಬಂದಾಗ ಹಿಂದಿನ ಸೀಟಿನ ಪುಂಡರೂ ಸುಮ್ಮನಾಗುತ್ತಾರೆ. ಅವರಿಗೆ ಯಾರು ಹೇಳಿಕೊಟ್ಟರೋ ಗೊತ್ತಿಲ್ಲ.

ಪಕ್ಕೆ ಹೇಗಿದೆ ಬರೆ.

ಅಪ್ಪ,
ಡೆಸ್


ಮೆಲ್ಬರ್ನ್
ನವೆಂಬರ್ 6

ಅಪ್ಪಾ,

ಪಕ್ಕೆ ವಾಸಿ. ನಕ್ಕರೆ ನೋಯುತ್ತದೆ, ಹಾಗಾಗಿ ತೊಂದರೆಯಿಲ್ಲ.

ಒಂದು ವಿಷಯ ಹೇಳಬೇಕು. ಬೇರೆಯವರಿಂದ ಕೇಳುವ ಮೊದಲು ನನ್ನಿಂದಲೇ ಕೇಳು. ಪ್ರತಿ ವರ್ಷ ಆಟಗಾರರು ತಾವೇ ಓಟು ಹಾಕಿ ಕೊಡುವ ಪ್ರಶಸ್ತಿಗಳಿವೆಯಲ್ಲ, ವರ್ಷದ ಆಟಗಾರ್ತಿ, ಒಳ್ಳೆಯ ಕ್ಯಾಪ್ಟನ್, ಅತ್ಯಂತ ಧೈರ್ಯದ ಆಟಗಾರ್ತಿ. ಮೊದಲು ಒಂದೊಂದು ಕ್ಲಬ್ಬಿನವರು ತಮ್ಮೊಳಗೇ ಓಟು ಹಾಕಿ ಹೆಸರು ಕಳಿಸುತ್ತಾರೆ. ಆಮೇಲೆ ಎಲ್ಲ ಕ್ಲಬ್ಬಿನ ಹುಡುಗಿಯರೂ ಆ ಹೆಸರುಗಳಿಗೆ ಓಟು ಹಾಕುತ್ತಾರೆ, ತಮ್ಮ ತಂಡದವರಿಗೆ ಮಾತ್ರ ಹಾಕುವಂತಿಲ್ಲ. ಧೈರ್ಯಕ್ಕೆ ನಮ್ಮ ಹುಡುಗಿಯರು ನನ್ನ ಹೆಸರು ಕಳಿಸಿದ್ದಾರೆ.

ಅದನ್ನು ಓದಿ ಹೇಳಿದಾಗ ಎಲ್ಲರೂ ಬೆಂಚು ಬಡಿದರು. ನಾನು ಬೂಟಿನ ದಾರ ಬಿಚ್ಚುತ್ತ ಕೂತೆ. ಆಮೇಲೆ ಬ್ರಿಡಿಯನ್ನು ಹೊರಗೆ ಕರೆದೆ.

"ನನ್ನ ಹೆಸರು ತೆಗೀರಿ."

"ಆಗಲ್ಲ."

"ಅದು ನನ್ನ ಹೆಸರು ಕಣೇ."

"ಹೆಸರು ನಿಂದು, ಓಟು ನಮ್ದು. ನಮ್ಮ ಓಟನ್ನ ವಾಪಸ್ ಕೊಡೋಕೆ ನೀನ್ಯಾರೇ?"

ಅವರು ಯಾವುದಕ್ಕೆ ಹಾಕಿದ್ದಾರೆ ಎಂದು ನನಗೆ ಗೊತ್ತು, ನಿನಗೂ ಗೊತ್ತು. ಅಮ್ಮ ಸತ್ತ ವಾರವೇ ಮೈದಾನಕ್ಕೆ ಇಳಿದಳು ಪಾಪ ಎಂದು. ಟಿಕೆಟ್ ಇತ್ತು ಅಪ್ಪ. ಶುಕ್ರವಾರ ವಿಮಾನ ನಿಲ್ದಾಣಕ್ಕೂ ಹೋಗಿದ್ದೆ. ಹತ್ತುವ ಬಾಗಿಲ ಎದುರು ಕೂತಿದ್ದೆ. ನನ್ನ ಹೆಸರನ್ನು ಎರಡು ಸಲ ಕೂಗಿದರು. ಅಮ್ಮನನ್ನು ಪೆಟ್ಟಿಗೆಯೊಳಗೆ ನೋಡಲಾರೆ ಅನ್ನಿಸಿತು. ಎದ್ದು ಟ್ಯಾಕ್ಸಿ ಹಿಡಿದು ಕ್ಲಬ್ಬಿಗೆ ಹೋಗಿ, ನಾಳೆ ಆಡುತ್ತೇನೆ ಎಂದೆ. ಎಲ್ಲರೂ ತಬ್ಬಿಕೊಂಡರು. ಆಡುವುದು ಅಷ್ಟು ಸುಲಭವಾಗಿತ್ತು.

ಪ್ರಶಸ್ತಿ ಸಮಾರಂಭ ಇದೇ ತಿಂಗಳ ಕೊನೆಯಲ್ಲಿ. ಹೆಸರು ಬಂದವರು ಒಬ್ಬರನ್ನು ಕರೆದುಕೊಂಡು ಹೋಗಬಹುದು. ಬ್ರಿಡಿ ನನ್ನನ್ನು ಕೇಳದೆ ನಿನ್ನ ಹೆಸರು ಬರೆಸಿದ್ದಾಳೆ. ಬಾ ಎಂದು ನಾನು ಕೇಳುತ್ತಿಲ್ಲ. ಕೇಳುವ ಮುಖ ನನಗಿಲ್ಲ.

ಟೆಗ್


ಕ್ವೀನ್ಸ್‌ಟೌನ್
ನವೆಂಬರ್ 12

ಟೆಗನ್,

ಈ ಪತ್ರ ಎರಡು ಸಲ ಹರಿದು ಬರೆದದ್ದು.

ನಾನು ಬರುವುದಿಲ್ಲ. ಕೋಪದಿಂದ ಎಂದುಕೊಳ್ಳಬೇಡ. ಕೋಪ ಇತ್ತು. ರೋಮಾ, ನೋಯೆಲ್, ಅಂಗಡಿಯವರು, ಎಲ್ಲರೂ "ಎಂಥಾ ಮಗಳು ಕಣೋ" ಎಂದಾಗ ನಾನು ತಲೆಯಾಡಿಸಿ ಮನೆಗೆ ಬಂದು ಬಾಗಿಲು ಹಾಕಿಕೊಳ್ಳುತ್ತಿದ್ದೆ. ಆ ಶನಿವಾರ ನೀನು ಆಡಿದ್ದಕ್ಕೆ ಅಷ್ಟೊಂದು ಜನ ಎದ್ದು ನಿಂತು ಚಪ್ಪಾಳೆ ತಟ್ಟುವಾಗ ನನ್ನ ಕೈ ಏಳುವುದಿಲ್ಲ. ಅದನ್ನು ನೀನು ವೇದಿಕೆಯ ಮೇಲಿಂದ ನೋಡಬೇಕಾಗುತ್ತದೆ. ಅದು ಇಬ್ಬರಿಗೂ ಬೇಡ.

ಇನ್ನೊಂದು ಮಾತು ನನ್ನಲ್ಲೇ ಇಟ್ಟುಕೊಂಡಿದ್ದೆ. ಕೊನೆಯ ದಿನ ಅಮ್ಮ ಎಚ್ಚರವಾದಾಗಲೆಲ್ಲ "ಇವತ್ತು ಶನಿವಾರನಾ?" ಎಂದು ಕೇಳುತ್ತಿದ್ದಳು. ಬುಧವಾರ ಎಂದೆ. ಆ ಶನಿವಾರ ನಿನ್ನ ಪಂದ್ಯ ಇತ್ತು. ಪಂದ್ಯ ಮುಗಿಸಿ ಅದೇ ಸಂಜೆ ಹೊರಟು ಬರುತ್ತೇನೆ ಎಂದೂ ನೀನು ಅವಳಿಗೆ ಹೇಳಿದ್ದೆ. ಅವಳು ಕೇಳಿದ್ದು ಆಟಕ್ಕೋ, ನಿನಗೋ, ನಾನು ವಿಚಾರಿಸಲಿಲ್ಲ. ನಿನಗೇ ಎಂದು ನಾನೇ ತೀರ್ಮಾನಿಸಿಕೊಂಡು, ಒಂದು ದಿನ ನಿನ್ನ ಮುಖಕ್ಕೆ ಹೇಳಬೇಕೆಂದು ಕಾದಿಟ್ಟಿದ್ದೆ. ನಿನ್ನ ಪತ್ರ ಓದಿದ ಮೇಲೆ ಹಾಗೆ ಇಟ್ಟುಕೊಳ್ಳುವುದು ಸರಿಯಲ್ಲ ಅನ್ನಿಸಿತು. ಅವಳಿಗೆ ಎರಡೂ ಬೇಕಾಗಿತ್ತೋ ಏನೋ. ನಿನ್ನ ಪಂದ್ಯವಿದ್ದ ದಿನ ಅವಳು ಒಲೆಯ ಮೇಲೆ ಏನು ಸೀದರೂ ಟಿವಿ ಮುಂದಿನಿಂದ ಏಳುತ್ತಿರಲಿಲ್ಲ.

ನೀನು ಬಾಗಿಲವರೆಗೆ ಹೋಗಿ ಹಿಂದಿರುಗಿದೆ ಎಂದು ಬರೆದಿದ್ದೀ. ನಾನು ದಿನಕ್ಕೆರಡು ಸಲ ಸ್ಮಶಾನದ ಆ ತಿರುವಿನಲ್ಲಿ ಹೋಗುತ್ತೇನೆ. ಅಂದಿನಿಂದ ಇಂದಿನವರೆಗೆ ಒಮ್ಮೆಯೂ ಇಳಿದಿಲ್ಲ. ರೋಮಾಗೆ, ಪ್ರತಿ ಭಾನುವಾರ ಹೋಗುತ್ತೇನೆ ಎಂದಿದ್ದೇನೆ. ಭಾನುವಾರ ಕಾರು ತೆಗೆದುಕೊಂಡು ಹೋಗಿ ಕೆರೆಯ ಹತ್ತಿರ ನಿಲ್ಲಿಸಿ ಬರುತ್ತೇನೆ.

ಹೆಸರು ಇರುವುದು ಬಿಡುವುದು ನಿಮ್ಮ ಹುಡುಗಿಯರ ವಿಷಯ. ಆದರೆ ವಿಮಾನ ನಿಲ್ದಾಣದ ಮಾತನ್ನು ಅವರಿಗೆ ಹೇಳು. ಅದನ್ನು ಹೇಳದೆ ಆ ಸಮಾರಂಭದ ಊಟಕ್ಕೆ ಕೂರಬೇಡ, ಇಳಿಯುವುದಿಲ್ಲ.

ಅಪ್ಪ


ಮೆಲ್ಬರ್ನ್
ನವೆಂಬರ್ 27

ಅಪ್ಪಾ,

ಹೇಳಿದೆ.

ವರ್ಷದ ಕೊನೆಯ ಸಭೆ ಮುಗಿದು ಎಲ್ಲರೂ ಕಿತ್ತಳೆ ಸುಲಿಯುತ್ತ ಕೂತಿದ್ದರು. ಎದ್ದು ನಿಂತೆ. ಬಾಗಿಲು, ಹೆಸರು ಕೂಗಿದ್ದು, ಟ್ಯಾಕ್ಸಿ, ಎಲ್ಲ ಹೇಳಿದೆ. ಅಮ್ಮ ಬಯಸಿದ್ದು ಇದನ್ನೇ ಎಂದದ್ದು ಬಾಯಿಗೆ ಬಂದ ಮಾತು, ಅವಳು ಹಾಗೆ ಹೇಳಿರಲಿಲ್ಲ, ನೀವು ಧೈರ್ಯ ಎಂದುಕೊಂಡದ್ದು ಹೆದರಿಕೆ ಎಂದೆ.  ಪೆಟ್ರಾ, ಗೋಲಿನ ಮುಂದೆ ನಿಲ್ಲುವ ಎತ್ತರದ ಹುಡುಗಿ, ಬಾಯಲ್ಲಿ ಕಿತ್ತಳೆ ಇಟ್ಟುಕೊಂಡೇ ಕೇಳಿದಳು:

"ಅದಕ್ಕೆ ಓಟು ಹಾಕಿದ್ವಿ ಅಂತ ಯಾರೇ ಹೇಳಿದ್ದು ನಿಂಗೆ?"

"ಮತ್ತೆ?"

"ಆವತ್ತು ನೀನು ಆಡಿದ್ದು ನೆನಪಿದ್ಯಾ? ಒಂದು ಗೋಲು, ಅದೂ ಎದುರಿಗೆ ನರಪಿಳ್ಳೆ ಇಲ್ದಾಗ. ಉಳಿದ ಚೆಂಡನ್ನೆಲ್ಲ ಅವರ ಕೈಗೇ ಕೊಟ್ಟೆ. ಸಾವಾಗಿದೆ ಅಂತ ನಾವು ಬಾಯಿ ಮುಚ್ಕೊಂಡಿದ್ವಿ."

"ನಾವು ಹಾಕಿದ್ದು ಆ ಕ್ಯಾಚ್‌ಗೆ ಕಣೇ," ಎಂದಳು ಇನ್ನೊಬ್ಬಳು. "ಬೆನ್ನ ಹಿಂದೆ ಇಬ್ರು ಬರ್ತಿದ್ರೂ ನೋಡ್ದೇ ಓಡಿದ್ಯಲ್ಲ, ಅದಕ್ಕೆ. ಪಕ್ಕೆ ಮುರೀತಲ್ಲ, ಅದಕ್ಕೆ."

"ಸಾವಿಗೆ ಓಟು ಹಾಕೋಕೆ ನಾವೇನು ಹೂವಿನ ಅಂಗಡಿ ಇಟ್ಟಿದ್ದೀವಾ?" ಎಂದಳು ಪೆಟ್ರಾ.

ಎಲ್ಲರೂ ನಕ್ಕರು. ನಾನೂ ನಕ್ಕೆ. ಪಕ್ಕೆ ನೋಯಿತು. ಆಮೇಲೆ ಅಳು ಬಂತು, ಅದಕ್ಕೂ ಪಕ್ಕೆ ನೋಯಿತು. ಇಷ್ಟು ದಿನ ನಾನು ಯಾವ ಮಾತಿನ ಹಿಂದೆ ಅಡಗಿಕೊಂಡಿದ್ದೆನೋ ಅದು ಅವರ ಲೆಕ್ಕದಲ್ಲೇ ಇರಲಿಲ್ಲ. ಹಗುರವಾಯಿತು ಅಪ್ಪ. ಆದರೆ ಅಡಗಿಕೊಳ್ಳಲು ಇನ್ನು ಜಾಗವೂ ಉಳಿಯಲಿಲ್ಲ.

ಬ್ರಿಡಿ ಮಾತ್ರ ನಕ್ಕಿರಲಿಲ್ಲ. ಎಲ್ಲರೂ ಹೋದ ಮೇಲೆ ಸಿಪ್ಪೆ ಬಳಿಯುತ್ತ ಕೇಳಿದಳು.

"ಆಮೇಲೆ ಊರಿಗೆ ಹೋಗಿದ್ಯಾ, ಜಲ್ಲಿ?"

"ಇಲ್ಲ. ಪಂದ್ಯ ಇತ್ತಲ್ಲ."

"ಪಂದ್ಯ ಎಲ್ಲ ಮುಗೀತು. ಇನ್ನು ಏನು ನೆಪ ಹೇಳ್ತೀಯ?"

ನಾನೂ ಬಗ್ಗಿ ಸಿಪ್ಪೆ ಹೆಕ್ಕತೊಡಗಿದೆ.

ಪ್ರಶಸ್ತಿ ನನಗೆ ಬರಲಿಲ್ಲ. ಪರ್ತ್‌ನ ಹುಡುಗಿಯೊಬ್ಬಳಿಗೆ ಬಂತು, ನಾನೂ ಅವಳಿಗೇ ಹಾಕಿದ್ದು. ನಿನ್ನ ಕುರ್ಚಿಯ ಮೇಲೆ ಬ್ರಿಡಿ ತನ್ನ ಎತ್ತರದ ಚಪ್ಪಲಿ ಬಿಚ್ಚಿಟ್ಟಿದ್ದಳು. ನನ್ನ ಪಕ್ಕೆ ಮುರಿದ ಹುಡುಗಿ ಊಟದ ನಡುವೆ ಎದ್ದು ನನ್ನ ಹತ್ತಿರ ಬಂದಳು. ಅವಳ ಹೆಸರು ಶಾನಾ. "ನನ್ನ ಓಟು ನಿಂಗೇ. ನಮ್ಮ ತಂಡದಲ್ಲಿ ಬೇರೆ ಯಾರಿಗೂ ನಿನ್ನ ಪಕ್ಕೆ ಎಷ್ಟು ಗಟ್ಟಿ ಅಂತ ಗೊತ್ತಿಲ್ಲ, ನನ್ನ ಮೊಣಕಾಲಿಗೆ ಗೊತ್ತು," ಎಂದಳು. ಅವಳ ಮೊಣಕಾಲಿಗೆ ಇನ್ನೂ ಪಟ್ಟಿ ಇತ್ತು. ಇಬ್ಬರೂ ಕೂತು ಒಂದೇ ತಟ್ಟೆಯ ಕೇಕು ತಿಂದೆವು.

ಡಿಸೆಂಬರ್ 11, ಗುರುವಾರ ಮಧ್ಯಾಹ್ನದ ವಿಮಾನಕ್ಕೆ ನಮ್ಮೂರ ಕಡೆಯ ವಿನ್ಯಾರ್ಡ್‌ಗೆ ಟಿಕೆಟ್ ಮಾಡಿದ್ದೇನೆ. ಇಲ್ಲಿನ ನಿಲ್ದಾಣಕ್ಕೆ ಹೋಗುವುದು ಖಂಡಿತ. ಹತ್ತುತ್ತೇನೆ ಎಂದು ಮಾತು ಕೊಡಲಾರೆ. ಹೋದ ಸಲವೂ ಹತ್ತುತ್ತೇನೆ ಎಂದೇ ಹೋಗಿದ್ದೆ. ನೀನು ಅಷ್ಟು ದೂರ ಬಂದು ಕಾದು, ನಾನು ಇಳಿಯದೇ ಹೋಗಬಹುದು. ಅದನ್ನು ಯೋಚಿಸಿ, ಬರುವುದು ಬೇಡ ಅನ್ನಿಸಿದರೆ ಹೇಳಿಬಿಡು.

ಟೆಗ್


ಕ್ವೀನ್ಸ್‌ಟೌನ್
ಡಿಸೆಂಬರ್ 3

ಪ್ರೀತಿಯ ಟೆಗ್,

ಬರುತ್ತೇನೆ. ಗುರುವಾರ ಸಂಜೆಯ ಬಸ್ಸನ್ನು ನೋಯೆಲ್ ಓಡಿಸುತ್ತಾನೆ. ಮಕ್ಕಳಿಗೆ ಈಗಲೇ ಹೆದರಿಕೆ ಶುರುವಾಗಿದೆ. "ಡೆಸ್, ಅವನಿಗೆ ಬ್ರೇಕ್ ಯಾವುದು ಅಂತ ತೋರಿಸಿದ್ದೀರಾ?" ಎಂದು ಕೇಳುತ್ತಿದ್ದಾರೆ.

ನೀನು ವಿಮಾನದಿಂದ ಇಳಿಯದಿದ್ದರೆ ವಿನ್ಯಾರ್ಡ್‌ನಲ್ಲಿ ಮೀನು ಮತ್ತು ಚಿಪ್ಸ್ ತಿಂದು ವಾಪಸ್ ಬರುತ್ತೇನೆ. ಅಲ್ಲಿನ ಮೀನು ಚೆನ್ನಾಗಿರುತ್ತದೆ. ಅದರ ಮುಂದಿನ ಗುರುವಾರವೂ ತಿನ್ನುತ್ತೇನೆ. ಆಮೇಲೆ ಶಾಲೆಗೆ ರಜೆ, ಯಾವ ದಿನ ಬೇಕಾದರೂ ತಿನ್ನಬಹುದು. ಹಾಗಾಗಿ ನಿಲ್ದಾಣದಲ್ಲಿ ಕೂತಾಗ ನನ್ನ ಬಗ್ಗೆ ಯೋಚಿಸಬೇಡ.

ಶಾನಾ ಎಂಬ ಆ ಹುಡುಗಿಯ ಮೊಣಕಾಲು ಹೇಗಿದೆ? ರೋಮಾ ಕೇಳಿದಳು. ನಾನೂ ಕೇಳಿದೆ ಅಂತ ಹೇಳು.

ಅಪ್ಪ


ಅಡುಗೆಮನೆ
ಡಿಸೆಂಬರ್ 12, ಶುಕ್ರವಾರ ಬೆಳಿಗ್ಗೆ

ಟೆಗ್,

ನೀನು ಮಲಗಿದ್ದೆ, ಎಬ್ಬಿಸಲಿಲ್ಲ. ಬಾಗಿಲಲ್ಲಿ ನಿಂತು ನೋಡಿದೆ, ಎಡಪಕ್ಕಕ್ಕೆ ಹೊರಳದೆ ಮಲಗುವುದನ್ನು ಕಲಿತಿದ್ದೀ.

ನಾನು ಬಸ್ಸಿಗೆ ಹೋಗುತ್ತಿದ್ದೇನೆ. ಬ್ರೆಡ್ಡು ಡಬ್ಬಿಯಲ್ಲಿದೆ, ಬೆಣ್ಣೆ ಹೊರಗಿಟ್ಟಿದ್ದೇನೆ. ರೋಮಾ ಬಾಗಿಲು ತಟ್ಟುತ್ತಾಳೆ, ತಟ್ಟದೆ ಇರುವವಳಲ್ಲ. ತೆಗೆದರೆ ಮಧ್ಯಾಹ್ನದವರೆಗೆ ಬಿಡುವುದಿಲ್ಲ. ನೋಡಿಕೊಂಡು ತೆಗೆ.

ನಿನ್ನೆ ಕಾರಿನಲ್ಲಿ ನಾವು ಮಾತಾಡಿದ್ದು ಕಡಿಮೆ. ಅದಕ್ಕೆ ಬೇಸರ ಮಾಡಿಕೊಳ್ಳಬೇಡ. ಗಾಜಿನ ಬಾಗಿಲಿನಿಂದ ಎಲ್ಲರೂ ಹೊರಗೆ ಬಂದು, ಇನ್ನು ಯಾರೂ ಇಲ್ಲ ಎಂದು ನಾನು ಕಾರಿನ ಕೀಲಿ ತೆಗೆದಾಗ ನೀನು ಬಂದೆ. ಮನೆ ತಲುಪುವವರೆಗೂ ನಾನು ಇನ್ನೂ ಆ ಬಾಗಿಲನ್ನೇ ನೋಡುತ್ತಿದ್ದೆ, ಅಷ್ಟೆ.

ಮಕ್ಕಳನ್ನು ಶಾಲೆಗೆ ಬಿಟ್ಟು ಬರುತ್ತೇನೆ. ಆಮೇಲೆ ಇಬ್ಬರೂ ಅಮ್ಮನ ಹತ್ತಿರ ಹೋಗೋಣ. ಎದ್ದಾಗ ನಿನಗೆ ಇವತ್ತು ಬೇಡ ಅನ್ನಿಸಿದರೆ ನಾಳೆ ಹೋಗೋಣ, ಅವಳು ಎಲ್ಲಿಗೂ ಹೋಗುವುದಿಲ್ಲ. ನನಗೆ ಬೇಡ ಅನ್ನಿಸಿದರೆ ನೀನು ಕೈ ಹಿಡಿದು ಎಳೆದುಕೊಂಡು ಹೋಗು.

ಉದ್ದನೆಯ ಬೂಟು ಹಾಕಿಕೊಂಡಿರು. ಅಲ್ಲಿ ಹುಲ್ಲು ಬೆಳೆದಿರಬಹುದು, ನನಗೂ ಗೊತ್ತಿಲ್ಲ.

ಅಪ್ಪ